ಬೆಂಗಳೂರಲ್ಲಿ ಕಮ್ಮಿ ಬಾಡಿಗೆ ಮನೆ: ‘ನೀರು-ಕರೆಂಟ್ ಎಲ್ಲಾ ಸೇರಿ’ ಅಂದಾಗ ಏನೇನು ಕೇಳಬೇಕು

ಟು-ಲೆಟ್ ಬೋರ್ಡ್ ನೋಡಿ ಫೋನ್ ಮಾಡಿದರೆ ಓನರ್ ಹೇಳುವ ಮೊದಲ ಮಾತು ಸಾಮಾನ್ಯವಾಗಿ ಹೀಗಿರುತ್ತದೆ: “ಎಂಟು ಸಾವಿರ, ನೀರು-ಕರೆಂಟ್ ಎಲ್ಲಾ ಸೇರಿ. ಯಾವತ್ತು ಬರ್ತೀರಿ?” ತಿಂಗಳಿಗೆ ಹದಿನೈದೋ ಇಪ್ಪತ್ತೋ ಸಾವಿರ ದುಡಿಯುವವರಿಗೆ ಇದು ಕೇಳಲು ಹಿತವಾಗಿಯೇ ಇರುತ್ತದೆ. ಎಷ್ಟು ಹೋಗುತ್ತದೆ ಅಂತ ತಿಂಗಳ ಮೊದಲೇ ಗೊತ್ತಿರುತ್ತದೆ, ಬಿಲ್ ಬಂದಾಗ ಎದೆ ಧಸಕ್ ಅನ್ನುವುದಿಲ್ಲ.

ಆದರೂ ನನ್ನ ಸಲಹೆ ಬೇರೆ. ಬೆಂಗಳೂರಲ್ಲಿ ಈಗ ಕಮ್ಮಿ ಖರ್ಚಿನಲ್ಲಿ ಇರಬೇಕು ಅಂದರೆ, ನೀರು ಬಾಡಿಗೆಯೊಳಗೆ ಸೇರಿರುವ, ಕರೆಂಟ್‌ಗೆ ಮಾತ್ರ ಬೇರೆ ಮೀಟರ್ ಇರುವ ಮನೆ ಹುಡುಕಿ. 2023ಕ್ಕೆ ಮುಂಚೆ ಕೇಳಿದ್ದರೆ ನಾನೂ ‘ಎಲ್ಲಾ ಸೇರಿ’ ಮನೆಯನ್ನೇ ಹಿಡಿಯಿರಿ ಅನ್ನುತ್ತಿದ್ದೆ. ಮನೆಗಳಿಗೆ ಒಂದು ಮಿತಿಯವರೆಗೆ ಕರೆಂಟ್ ಪುಕ್ಕಟೆ ಕೊಡುವ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ ಬಂದ ಮೇಲೆ ಲೆಕ್ಕ ಬದಲಾಗಿದೆ.

ಮೊದಲು ಪೂರ್ತಿ ಲೆಕ್ಕ ಹಾಕಿ

ಬಾಡಿಗೆ ಒಂದನ್ನೇ ನೋಡಬೇಡಿ. ಒಂದು ಹಾಳೆ ತೆಗೆದುಕೊಂಡು ಬಾಡಿಗೆ, ಕರೆಂಟ್, ಬಳಸುವ ನೀರು, ಕುಡಿಯುವ ನೀರು, ಗ್ಯಾಸ್, ಮೇಂಟೆನೆನ್ಸ್, ಕೆಲಸಕ್ಕೆ ಹೋಗಿಬರುವ ಖರ್ಚು, ಇಷ್ಟನ್ನೂ ಬರೆಯಿರಿ. ನೋಡಿದ ಪ್ರತಿ ಮನೆಗೂ ಇದೇ ಪಟ್ಟಿ ತುಂಬಿಸಿ.

ಓಡಾಟದ ಖರ್ಚನ್ನು ಬಹಳ ಜನ ಮರೆಯುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಕರ್ನಾಟಕದ ಹೆಂಗಸರಿಗೆ ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಹಾಗಾಗಿ ಮನೆಯಲ್ಲಿ ದುಡಿಯುವವರು ಹೆಂಗಸರಾದರೆ, ಊರಾಚೆ ಇದ್ದರೂ ನೇರ ಬಸ್ ಇರುವ ಕಡೆ ಮನೆ ಹಿಡಿದರೆ ಉಳಿತಾಯ ಜಾಸ್ತಿ. ಗಂಡಸರು ದಿನಾ ಮೆಟ್ರೊದಲ್ಲೇ ಹೋಗಬೇಕು ಅಂದರೆ ಬಾಡಿಗೆಯಲ್ಲಿ ಉಳಿದ ಸಾವಿರ ರೂಪಾಯಿ ಟಿಕೆಟ್‌ಗೇ ಹೋದೀತು. ಬಸ್ ಪಾಸ್ ಸಾಕಾಗುವ ಜಾಗ ನೋಡಿ.

ಎಂಥ ಮನೆ ಹುಡುಕಬೇಕು

ದೊಡ್ಡ ಅಪಾರ್ಟ್‌ಮೆಂಟ್‌ಗಳ ಕಡೆ ತಲೆ ಹಾಕಬೇಡಿ. ಅಲ್ಲಿ ಬಾಡಿಗೆ ಒಂದು ಕಡೆಯಾದರೆ ಮೇಂಟೆನೆನ್ಸ್ ಇನ್ನೊಂದು ಕಡೆ. ಲಿಫ್ಟು, ಸೆಕ್ಯುರಿಟಿ, ಜನರೇಟರ್ ಖರ್ಚೆಲ್ಲ ತಲೆ ಮೇಲೆ ಬರುತ್ತದೆ.

ಕಮ್ಮಿ ಬಾಡಿಗೆ ಇರುವುದು ಖಾಸಗಿ ಓನರ್‌ಗಳು ಒಂದೇ ಸೈಟಿನಲ್ಲಿ ಮೇಲೆ ಕೆಳಗೆ ಕಟ್ಟಿಸಿದ ಸಣ್ಣ ಸಣ್ಣ ಮನೆಗಳಲ್ಲಿ. ಚಾಮರಾಜಪೇಟೆ, ಶ್ರೀನಗರ, ಮಲ್ಲೇಶ್ವರದ ಹಳೇ ವಠಾರಗಳಲ್ಲಿ ಈಗಲೂ ಮನೆ ಖಾಲಿಯಾಗುತ್ತವೆ. ಆದರೆ ಬೋರ್ಡ್ ಹಾಕುವ ಮೊದಲೇ ಬಾಯಿಂದ ಬಾಯಿಗೆ ಹೋಗಿ ಯಾರೋ ಹಿಡಿದಿರುತ್ತಾರೆ. ಗಾರ್ಮೆಂಟ್ಸ್, ಕಾರ್ಖಾನೆಗಳ ಸುತ್ತ, ಅಂದರೆ ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆ, ಬೊಮ್ಮನಹಳ್ಳಿ, ಹೊಂಗಸಂದ್ರ, ಹೆಬ್ಬಗೋಡಿ ಕಡೆ, ಸಿಂಗಲ್ ರೂಮು, ಒಂದು ಹಾಲ್-ಕಿಚನ್ ಇರುವ ಮನೆಗಳು ಸಾಲುಸಾಲಾಗಿವೆ. ಟೆರೇಸ್ ಮೇಲಿನ ಶೀಟ್ ಮನೆ ಎಲ್ಲಕ್ಕಿಂತ ಅಗ್ಗ. ಏಪ್ರಿಲ್ ಮಧ್ಯಾಹ್ನ ಒಂದು ಸಲ ಒಳಗೆ ಹತ್ತು ನಿಮಿಷ ಕೂತು ಬನ್ನಿ, ಯಾಕೆ ಅಗ್ಗ ಅಂತ ತಿಳಿಯುತ್ತದೆ. ಹಗಲೆಲ್ಲ ಕೆಲಸಕ್ಕೆ ಹೋಗುವವರಿಗೆ ಪರವಾಗಿಲ್ಲ. ಎಳೇ ಮಗುವೋ ವಯಸ್ಸಾದವರೋ ಮನೆಯಲ್ಲಿದ್ದರೆ ಬೇಡ.

ಒಬ್ಬರೇ ಇದ್ದರೆ ಪಿಜಿ ಲೆಕ್ಕವನ್ನೂ ಹಾಕಿ ನೋಡಿ. ಅದು ನಿಜವಾದ ಅರ್ಥದಲ್ಲಿ ‘ಎಲ್ಲಾ ಸೇರಿ’: ಊಟ, ನೀರು, ಕರೆಂಟ್, ವೈಫೈ. ಇಬ್ಬರು ಸೇರಿ ಮನೆ ಮಾಡಿದರೆ ಮಾತ್ರ ಸಾಮಾನ್ಯವಾಗಿ ಪಿಜಿಗಿಂತ ಕಮ್ಮಿ ಬೀಳುತ್ತದೆ. ಓದುವ ಮಕ್ಕಳಿಗೆ ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಿವೆ. ಹಲವು ಸಮುದಾಯಗಳು ನಡೆಸುವ ವಿದ್ಯಾರ್ಥಿನಿಲಯಗಳೂ ಇವೆ. ಇವಕ್ಕೆಲ್ಲ ಕಾಲೇಜು ಶುರುವಾಗುವ ಹೊತ್ತಿಗೇ ಅರ್ಜಿ ಹಾಕಬೇಕು, ಆಮೇಲೆ ಓಡಾಡಿ ಪ್ರಯೋಜನವಿಲ್ಲ. ಕೆಲಸ ಮಾಡುವ ಹೆಂಗಸರಿಗೆ ಕೇಂದ್ರದ ‘ಸಖಿ ನಿವಾಸ್’ ಯೋಜನೆಯಡಿ ಹಾಸ್ಟೆಲ್‌ಗಳಿವೆ. ಜಾಗ ಕಮ್ಮಿ, ಆದರೂ ಕೇಳಿ ನೋಡುವುದರಲ್ಲಿ ತಪ್ಪಿಲ್ಲ.

ಸರ್ಕಾರದ ಬಾಡಿಗೆ ಮನೆ ಸಿಗಲ್ವಾ ಅಂತ ಕೇಳುವವರಿದ್ದಾರೆ. ಬಡವರಿಗೆ, ವಲಸೆ ಬಂದವರಿಗೆ ಕಮ್ಮಿ ಬಾಡಿಗೆ ಮನೆ ಕೊಡುವ ಯೋಜನೆಯನ್ನು ಕೇಂದ್ರ 2020ರಲ್ಲಿ ತಂದಿತು. 2024ರ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲೂ ಬಾಡಿಗೆ ಮನೆಗೆ ಒಂದು ಭಾಗವಿದೆ. ಆದರೆ ಮುಂದಿನ ತಿಂಗಳು ಮನೆ ಬೇಕು ಅನ್ನುವವರು ಇದನ್ನು ನಂಬಿಕೊಂಡು ಕೂರುವ ಹಾಗಿಲ್ಲ. ಇಲ್ಲಿನ ರಾಜೀವ್ ಗಾಂಧಿ ವಸತಿ ನಿಗಮದ ಮನೆಗಳು ಸ್ವಂತಕ್ಕೆ ಕೊಡುವವು, ಬಾಡಿಗೆಗಲ್ಲ.

ಯಾವಾಗ, ಹೇಗೆ ಹುಡುಕಬೇಕು

ಆಷಾಢದಲ್ಲಿ ಹುಡುಕಿ. ಧನುರ್ಮಾಸವೂ ಆಗಬಹುದು. ಈ ಎರಡು ಕಾಲದಲ್ಲಿ ಬಹಳ ಮಂದಿ ಹಾಲು ಉಕ್ಕಿಸಿ ಹೊಸ ಮನೆಗೆ ಹೋಗುವುದಿಲ್ಲ. ಮನೆ ಖಾಲಿ ಬಿದ್ದಿರುತ್ತದೆ, ಓನರ್ ಬಾಡಿಗೆಯಲ್ಲಿ ಐನೂರೋ ಸಾವಿರವೋ ಇಳಿಯುತ್ತಾರೆ. ನಿಮಗೆ ಶಾಸ್ತ್ರದ ಅಡ್ಡಿ ಇಲ್ಲದಿದ್ದರೆ ಇದಕ್ಕಿಂತ ಒಳ್ಳೇ ಸಮಯವಿಲ್ಲ. ಶಾಸ್ತ್ರ ಇದ್ದರೂ ಅಡ್ವಾನ್ಸ್ ಮಾತಾಡಿಟ್ಟು ಶ್ರಾವಣದಲ್ಲಿ ಹೋಗಬಹುದು. ಏಪ್ರಿಲ್-ಮೇ ಮಾತ್ರ ಬೇಡ. ಮಕ್ಕಳ ಸ್ಕೂಲಿಗಾಗಿ ಎಲ್ಲರೂ ಮನೆ ಬದಲಿಸುವುದು ಆಗಲೇ.

ಆ್ಯಪ್‌ಗಳಲ್ಲಿ ಸಣ್ಣ ಮನೆಗಳು ಕಮ್ಮಿ. ಎಂಟು ಸಾವಿರದ ಮನೆಗೆ ಫೋಟೊ ತೆಗೆದು ಹಾಕುವ ಗೋಜಿಗೆ ಯಾವ ಓನರ್ ಹೋಗುತ್ತಾರೆ? ಬೆಳಗ್ಗೆ ಏರಿಯಾದಲ್ಲಿ ನಡೆಯಿರಿ. ದಿನಸಿ ಅಂಗಡಿ, ಇಸ್ತ್ರಿ ಅಂಗಡಿ, ಹಾಲಿನ ಬೂತ್ ಈ ಮೂರು ಕಡೆ ಕೇಳಿ. ಯಾವ ಮನೆ ಖಾಲಿಯಾಗಲಿದೆ ಅನ್ನುವುದು ಇಸ್ತ್ರಿಯವರಿಗೆ ಓನರ್‌ಗಿಂತ ಮೊದಲೇ ಗೊತ್ತಿರುತ್ತದೆ. ಬ್ರೋಕರ್ ಮೂಲಕ ಹೋದರೆ ಒಂದು ತಿಂಗಳ ಬಾಡಿಗೆ ಕಮಿಷನ್ ಕೊಡಬೇಕಾಗುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ.

ಮನೆ ನೋಡದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. “ನಾನು ಮಿಲಿಟರಿಯಲ್ಲಿದ್ದೀನಿ, ಈಗ ಬೇರೆ ಊರಲ್ಲಿದ್ದೀನಿ, ಟೋಕನ್ ಹಾಕಿದರೆ ಕೀ ಕಳಿಸ್ತೀನಿ” ಅನ್ನುವುದು ಹಳೇ ಮೋಸ. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡ ಮಾಡಿದಷ್ಟೂ ವಾಪಸ್ ಸಿಗುವುದು ಕಷ್ಟ.

ಜಾತಿ ಕೇಳುವವರು, ‘ವೆಜ್ ಓನ್ಲಿ’ ಅನ್ನುವವರು, ಹೆಸರು ಕೇಳಿದ ಕೂಡಲೇ ಮನೆ ಕೊಟ್ಟಾಯ್ತು ಅನ್ನುವವರು ಈ ಊರಲ್ಲಿ ಕಮ್ಮಿಯೇನಿಲ್ಲ. ಇದು ನಾಚಿಕೆಗೇಡು. ಆದರೆ ಹಸಿದ ಹೊಟ್ಟೆಯಲ್ಲಿ ಇಡೀ ದಿನ ಸುತ್ತುವವರು ಇದನ್ನು ಫೋನಿನಲ್ಲೇ ಕೇಳಿ ಮುಗಿಸಿಕೊಂಡರೆ ಬಸ್ ಚಾರ್ಜಾದರೂ ಉಳಿಯುತ್ತದೆ.

ಕರೆಂಟ್: ಮೀಟರ್ ಬೋರ್ಡಿನ ಮುಂದೆ ಹತ್ತು ನಿಮಿಷ

ಗೃಹಜ್ಯೋತಿ ಹೇಗೆ ನಡೆಯುತ್ತದೆ ಅಂತ ಮೊದಲು ತಿಳಿದುಕೊಳ್ಳೋಣ. ಮನೆ ಬಳಕೆಯ ಮೀಟರ್‌ಗೆ ತಿಂಗಳಿಗೆ 200 ಯೂನಿಟ್ ಒಳಗಿದ್ದರೆ ಅನುಕೂಲ ಸಿಗುತ್ತದೆ. ಹಾಗಂತ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಲ್ಲ. ಆ ಮೀಟರ್‌ನಲ್ಲಿ 2022–23ನೇ ಸಾಲಿನಲ್ಲಿ ಸರಾಸರಿ ಎಷ್ಟು ಬಳಕೆಯಾಗಿತ್ತೋ ಅದಕ್ಕೆ ಶೇಕಡಾ 10 ಸೇರಿಸಿದರೆ ಬರುವುದು ನಿಮ್ಮ ಪುಕ್ಕಟೆ ಪಾಲು. ಸರಾಸರಿ 48 ಯೂನಿಟ್‌ಗಿಂತ ಕಮ್ಮಿ ಇದ್ದವರಿಗೆ ಶೇಕಡಾ 10ರ ಬದಲು 10 ಯೂನಿಟ್ ಸೇರಿಸುತ್ತಾರೆ. ಹಳೇ ಲೆಕ್ಕವೇ ಇಲ್ಲದ ಹೊಸ ಮನೆಗೆ 53 ಯೂನಿಟ್ ಸರಾಸರಿ ಹಿಡಿದು, ಶೇಕಡಾ 10 ಸೇರಿಸಿ 58 ಯೂನಿಟ್.

ಒಂದು ಉದಾಹರಣೆ. ಮೀಟರಿನ ಸರಾಸರಿ 70 ಯೂನಿಟ್ ಇತ್ತು ಅಂದುಕೊಳ್ಳಿ. ನಿಮ್ಮ ಪಾಲು 77. ನೀವು 75 ಬಳಸಿದರೆ ಸೊನ್ನೆ ಬಿಲ್. 90 ಬಳಸಿದರೆ ಮೇಲಿನ 13 ಯೂನಿಟ್‌ಗೆ ಕಟ್ಟಿದರೆ ಆಯಿತು. ಆದರೆ 200 ದಾಟಿತೋ, ಪೂರ್ತಿ ಬಿಲ್ ಕಟ್ಟಬೇಕು.

ಈಗ ‘ಎಲ್ಲಾ ಸೇರಿ’ ಮನೆಗೆ ಬನ್ನಿ. ಇಂಥ ಕಟ್ಟಡಗಳಲ್ಲಿ ಮೂರು-ನಾಲ್ಕು ಮನೆಗೆ ಬೆಸ್ಕಾಂ ಮೀಟರ್ ಒಂದೇ ಇರುತ್ತದೆ. ಒಂದೊಂದು ಮನೆ 70 ಯೂನಿಟ್ ಬಳಸಿದರೂ ಮೂರು ಮನೆಗೆ 210. ಒಬ್ಬರಿಗೂ ಗೃಹಜ್ಯೋತಿ ಇಲ್ಲ! ಬೇರೆ ಬೇರೆ ಮೀಟರ್ ಇದ್ದಿದ್ದರೆ ಮೂರೂ ಮನೆಯವರು ಒಂದೂ ಪೈಸೆ ಕೊಡದೆ ಇರಬಹುದಿತ್ತೇನೋ. ಆ ಬಿಲ್ಲನ್ನು ಓನರ್ ತಮ್ಮ ಕೈಯಿಂದ ಕಟ್ಟುತ್ತಾರೆಯೇ? ಅದು ನಿಮ್ಮ ಎಂಟು ಸಾವಿರದೊಳಗೇ ಕೂತಿರುತ್ತದೆ.

ಹಾಗಾಗಿ ಮನೆ ನೋಡಲು ಹೋದಾಗ ಅಡುಗೆಮನೆಯ ಟೈಲ್ಸ್ ನೋಡುವ ಮೊದಲು ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡ್ ನೋಡಿ. ಎಷ್ಟು ಮನೆ, ಎಷ್ಟು ಮೀಟರ್, ಎಣಿಸಿ. ಬೆಸ್ಕಾಂ ಮೀಟರ್‌ಗೆ ಆರ್‌ಆರ್ ನಂಬರ್, ಅಂದರೆ ಬಿಲ್ಲಿನಲ್ಲಿ ಬರುವ ಕನೆಕ್ಷನ್ ನಂಬರ್, ಇರುತ್ತದೆ. ಓನರ್ ಅಂಗಡಿಯಿಂದ ತಂದು ಹಾಕಿಸಿದ ಸಬ್ ಮೀಟರ್‌ಗೆ ಇರುವುದಿಲ್ಲ. ಸಬ್ ಮೀಟರ್ ಇದ್ದರೆ ಗೃಹಜ್ಯೋತಿ ನಿಮಗಿಲ್ಲ, ಜೊತೆಗೆ ಯೂನಿಟ್‌ಗೆ ಎಷ್ಟು ಅಂತ ಓನರ್ ಹೇಳಿದ್ದೇ ರೇಟು. ಬೆಸ್ಕಾಂ ಮನೆ ಬಳಕೆಗೆ ಹಾಕುವುದು ಯೂನಿಟ್‌ಗೆ ಆರು ರೂಪಾಯಿ ಆಸುಪಾಸು, ಅದರ ಮೇಲೆ ನಿಗದಿತ ಶುಲ್ಕ, ತೆರಿಗೆ. ಓನರ್ ಹನ್ನೆರಡು ರೂಪಾಯಿ ಅಂದರೆ ನಗುತ್ತಲೇ ಬಿಲ್ ತೋರಿಸಿ ಅನ್ನಿ.

ಬೇರೆ ಮೀಟರ್ ಇದೆ ಅಂದರೂ ಇನ್ನೊಂದು ಪರೀಕ್ಷೆ ಬಾಕಿ. ಮನೆಯೊಳಗಿನ ಮೇನ್ ಸ್ವಿಚ್ ಆಫ್ ಮಾಡಿಸಿ, ಕೆಳಗೆ ಬಂದು ಆ ಮೀಟರಿನ ಕೆಂಪು ದೀಪ ನೋಡಿ. ಮಿನುಗುವುದು ನಿಂತಿರಬೇಕು. ಆಮೇಲೆ ಓನರ್‌ಗೆ ಸಂಪಿನ ಮೋಟರ್ ಹಾಕಲು ಹೇಳಿ. ಆಗ ನಿಮ್ಮ ಮೀಟರ್ ದೀಪ ಮತ್ತೆ ಪಟಪಟ ಮಿನುಗಿದರೆ ಇಡೀ ಕಟ್ಟಡಕ್ಕೆ ನೀರೇರಿಸುವ ಕರೆಂಟ್ ನಿಮ್ಮ ಲೆಕ್ಕಕ್ಕೆ ಬರುತ್ತಿದೆ ಅಂತ ಅರ್ಥ. ಮೆಟ್ಟಿಲ ದೀಪ, ಗೇಟಿನ ದೀಪಕ್ಕೂ ಇದೇ ಪರೀಕ್ಷೆ. ಸಂಕೋಚ ಬೇಡ. “ಸಾರ್, ಒಂದ್ಸಲ ಮೋಟರ್ ಹಾಕ್ತೀರಾ, ನೀರಿನ ಫೋರ್ಸ್ ನೋಡೋಣ” ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಎರಡೂ ಕೆಲಸ ಆಗುತ್ತದೆ.

ಹಳೇ ಬಿಲ್ ಒಂದು ಕೇಳಿ ಪಡೆಯಿರಿ. ಹಿಂದಿನವರು ಬಾಕಿ ಉಳಿಸಿ ಹೋಗಿದ್ದರೆ ಅದು ಆರ್‌ಆರ್ ನಂಬರ್ ಜೊತೆಗೇ ಇರುತ್ತದೆ, ಕಟ್ಟದಿದ್ದರೆ ಫ್ಯೂಸ್ ಕೀಳುವುದು ನಿಮ್ಮ ಮನೆಯದು. ಬಾಕಿ ತೀರಿಸಿದ ಮೇಲೇ ಅಡ್ವಾನ್ಸ್ ಕೊಡಿ.

ಗೃಹಜ್ಯೋತಿಗೆ ಬಾಡಿಗೆದಾರರೂ ಅರ್ಹರು. ಒಬ್ಬರ ಆಧಾರ್‌ಗೆ ಒಂದೇ ಮೀಟರ್. ನಾಲ್ಕು ಮನೆ ಇರುವ ಓನರ್ ತಮ್ಮ ಹೆಸರಲ್ಲಿ ನಾಲ್ಕಕ್ಕೂ ಮಾಡಿಸಲು ಆಗುವುದಿಲ್ಲ, ಆದ್ದರಿಂದ ಅವರಿಗೂ ತಕರಾರು ಇರಬಾರದು. ಹಿಂದೆ ಇದ್ದವರ ಆಧಾರ್ ಆ ಮೀಟರ್‌ಗೆ ಜೋಡಣೆಯಾಗಿದ್ದರೆ ಅವರು ಡಿ-ಲಿಂಕ್ ಮಾಡಬೇಕು. 2024ರಲ್ಲಿ ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಈ ಅನುಕೂಲ ಬಂದಿದೆ. ಹೋದವರ ಫೋನ್ ನಂಬರನ್ನು ಓನರ್‌ನಿಂದ ಈಗಲೇ ಇಸಕೊಳ್ಳಿ. ಆಮೇಲೆ ನಿಮ್ಮ ಆಧಾರ್, ಬಾಡಿಗೆ ಅಗ್ರಿಮೆಂಟ್, ಬಿಲ್‌ನಲ್ಲಿರುವ ಅಕೌಂಟ್ ಐಡಿ ಹಿಡಿದು ಸರ್ಕಾರಿ ಸೇವಾ ಕೇಂದ್ರ ಬೆಂಗಳೂರು ಒನ್‌ಗೋ ಬೆಸ್ಕಾಂ ಕಚೇರಿಗೋ ಹೋದರೆ ಮಾಡಿಕೊಡುತ್ತಾರೆ.

“ಬನ್ನಿ, ಮುಂದಿನ ತಿಂಗಳು ಬೇರೆ ಮೀಟರ್ ಹಾಕಿಸಿಕೊಡ್ತೀವಿ” ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಹೊಸ ಕನೆಕ್ಷನ್ ಕಾಗದಪತ್ರದ ಕೆಲಸ, ಖರ್ಚಿನ ಕೆಲಸ. ಆ ಮುಂದಿನ ತಿಂಗಳು ಬರುವುದು ಅಪರೂಪ.

ಎಲ್ಲಾ ಸೇರಿದ ಮನೆಯೇ ಹಿಡಿಯಬೇಕಾಗಿ ಬಂದರೆ, ಏನೇನು ಬಳಸಬಹುದು ಅಂತ ಮೊದಲೇ ಬಾಯಿಬಿಟ್ಟು ಕೇಳಿ. ನೀರು ಕಾಯಿಸುವ ಕಾಯಿಲ್, ಇಂಡಕ್ಷನ್ ಸ್ಟೌ, ಇಸ್ತ್ರಿ ಪೆಟ್ಟಿಗೆ, ವಾಷಿಂಗ್ ಮೆಷಿನ್, ಈ ನಾಲ್ಕರ ಮೇಲೆ ಓನರ್ ಕಣ್ಣು ಯಾವಾಗಲೂ ಇರುತ್ತದೆ. ಅವರು ಕೆಳಗಿನ ಮನೆಯಲ್ಲೇ ಇದ್ದರಂತೂ “ರಾತ್ರಿ ಹನ್ನೊಂದಕ್ಕೂ ಲೈಟ್ ಉರೀತಿತ್ತಲ್ಲಮ್ಮಾ” ಅನ್ನುವುದು, ಊರಿಂದ ಅಪ್ಪ-ಅಮ್ಮ ಬಂದರೆ “ಎಷ್ಟು ದಿನ ಇರ್ತಾರೆ?” ಅನ್ನುವುದು ಶುರುವಾಗುತ್ತದೆ. ಕಮ್ಮಿ ಸಂಬಳ ಅಂತ ನೆಮ್ಮದಿಯೂ ಕಮ್ಮಿ ಇರಬೇಕಿಲ್ಲ, ಅಲ್ವಾ?

ನೀರು: ಇದು ಮಾತ್ರ ಬಾಡಿಗೆಯಲ್ಲೇ ಇರಲಿ

ನೀರಿನ ವಿಷಯ ಉಲ್ಟಾ. ಸೊನ್ನೆ ಬಿಲ್ ಕೊಡುವ ಯೋಜನೆ ಇಲ್ಲಿಲ್ಲ. ಬೇಸಿಗೆಯಲ್ಲಿ ಖರ್ಚು ಎಲ್ಲಿಗೆ ಏರುತ್ತದೆ ಅಂತ ಹೇಳಲಾಗುವುದಿಲ್ಲ. ಏರಿದರೆ ಅದು ಓನರ್ ತಲೆನೋವಾಗಿರಬೇಕು.

ನೀರು ಎಲ್ಲಿಂದ ಅನ್ನುವುದು ಮೊದಲ ಪ್ರಶ್ನೆ. ಕಾವೇರಿಯೋ, ಬೋರೋ, ಟ್ಯಾಂಕರೋ? ಊರಿನ ಹಳೇ ಭಾಗಗಳಿಗೆ ಕಾವೇರಿ ನೀರು ಬಹಳ ಕಾಲದಿಂದ ಇದೆ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳ ಕಡೆ ಬೋರ್, ಟ್ಯಾಂಕರ್‌ಗಳೇ ಗತಿಯಾಗಿದ್ದವು. ಅವುಗಳಿಗಾಗಿಯೇ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಆದರೆ ಏರಿಯಾಗೆ ಪೈಪ್ ಬಂದಿದೆ ಅಂದರೆ ನೀವು ನೋಡುವ ಮನೆ ಕನೆಕ್ಷನ್ ತೆಗೆದುಕೊಂಡಿದೆ ಅಂತಲ್ಲ. ಜಲಮಂಡಳಿಯ ಬಿಲ್ ಇದೆಯಾ ಕೇಳಿ. ಬಿಲ್ ಇದ್ದರೆ ಕನೆಕ್ಷನ್ ಇದೆ.

ಓನರ್ ಹೇಳಿದ್ದನ್ನು ಪಕ್ಕದ ಮನೆಯಲ್ಲಿ ಸರಿನೋಡಿ. ಮೇಲೆ ಬಟ್ಟೆ ಒಣಗಿಸುತ್ತಿರುವವರನ್ನೋ ಎದುರು ಮನೆಯವರನ್ನೋ “ಅಕ್ಕಾ, ನೀರು ವಾರಕ್ಕೆ ಎಷ್ಟು ದಿನ ಬಿಡ್ತಾರೆ? ಮಾರ್ಚ್-ಏಪ್ರಿಲ್‌ನಲ್ಲಿ ಹೇಗಿತ್ತು?” ಅಂತ ಕೇಳಿ. ನಲ್ಲಿಯ ಬಾಯಿ, ಬಾತ್‌ರೂಮಿನ ಬಕೆಟ್ ನೋಡಿ. ಬಿಳಿ ಪುಡಿಯಂಥ ಪದರ ಕಟ್ಟಿದ್ದರೆ ಬೋರ್‌ವೆಲ್ಲಿನ ಗಡಸು ನೀರು. ಆಗ ಕುಡಿಯುವ ನೀರನ್ನು ಹೊರಗಿಂದ ತರಬೇಕು. ನಡೆದು ಹೋಗುವಷ್ಟು ಹತ್ತಿರ ಶುದ್ಧ ಕುಡಿಯುವ ನೀರಿನ ಘಟಕ ಇದ್ದರೆ ಕಾಯಿನ್ ಹಾಕಿ ಕ್ಯಾನ್ ತುಂಬಿಸಬಹುದು. ಅಂಗಡಿಯ ಕ್ಯಾನ್ ತರಿಸುವುದಕ್ಕೂ ಇದಕ್ಕೂ ತಿಂಗಳಿಗೆ ನೂರಾರು ರೂಪಾಯಿ ವ್ಯತ್ಯಾಸ.

2024ರ ಬೇಸಿಗೆ ಯಾರೂ ಮರೆತಿಲ್ಲ. ಟ್ಯಾಂಕರ್ ರೇಟು ಕೈಮೀರಿದಾಗ ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಯಿತು. ಐದು ಕಿಲೋಮೀಟರ್ ಒಳಗೆ 12 ಸಾವಿರ ಲೀಟರಿಗೆ 1,000 ರೂಪಾಯಿ, ಹತ್ತು ಕಿಲೋಮೀಟರ್ ಒಳಗೆ 1,200. ಅಂಥ ತಿಂಗಳಲ್ಲಿ “ನೀರು ಬಾಡಿಗೆಯಲ್ಲೇ ಸೇರಿದೆ” ಅಂದಿದ್ದ ಓನರ್‌ಗಳೂ ಟ್ಯಾಂಕರ್ ದುಡ್ಡನ್ನು ಮನೆಗಿಷ್ಟು ಅಂತ ಹಂಚಿದರು. ಅದಕ್ಕೇ ಅಗ್ರಿಮೆಂಟ್‌ನಲ್ಲಿ ಒಂದು ಸಾಲು ಬರೆಸಿ: “ನೀರಿನ ಖರ್ಚು, ಟ್ಯಾಂಕರ್ ತರಿಸಿದರೂ ಸೇರಿ, ಬಾಡಿಗೆಯಲ್ಲೇ ಒಳಗೊಂಡಿದೆ.” ಓನರ್ ಒಪ್ಪದಿದ್ದರೆ ತಿಂಗಳಿಗೆ ಮನೆಗೆ ಹೆಚ್ಚೆಂದರೆ ಇಷ್ಟು ಅಂತ ಒಂದು ಮಿತಿಯನ್ನಾದರೂ ಬರೆಸಿ.

ಮೋಟರ್ ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತಿಗೆ ಹಾಕುತ್ತಾರೆ ಅನ್ನುವುದೂ ಮುಖ್ಯ. ಬೆಳಗ್ಗೆ ಆರಕ್ಕೆ ಶಿಫ್ಟ್‌ಗೆ ಹೊರಡುವವರಿಗೆ ಏಳಕ್ಕೆ ಟ್ಯಾಂಕ್ ತುಂಬಿ ಏನು ಪ್ರಯೋಜನ?

ಗ್ಯಾಸ್

ಇದು ಯಾವ ಬಾಡಿಗೆಯಲ್ಲೂ ಸೇರಿರುವುದಿಲ್ಲ. ಊರಲ್ಲಿ ಕನೆಕ್ಷನ್ ಇದ್ದರೆ ವರ್ಗಾಯಿಸಿಕೊಳ್ಳಿ. ಅಲ್ಲಿಯವರೆಗೆ ಐದು ಕೆಜಿಯ ಸಣ್ಣ ಸಿಲಿಂಡರ್ ವಿಳಾಸದ ದಾಖಲೆ ಇಲ್ಲದೆಯೂ, ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ. ಬೀದಿಬದಿ ಕದ್ದು ತುಂಬಿಸಿಕೊಡುವ ಸಿಲಿಂಡರ್ ಸಣ್ಣ ಮನೆಯಲ್ಲಿ ಅಪಾಯ.

ಅಡ್ವಾನ್ಸ್, ಅಗ್ರಿಮೆಂಟ್, ಲೀಸ್

ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ರೂಢಿ ಈಗಲೂ ಹಲವು ಕಡೆ ಇದೆ. 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಬೇಡ ಅನ್ನುತ್ತದೆ. ಆದರೆ ಅದು ರಾಜ್ಯಗಳಿಗೆ ಕೇಂದ್ರ ಕೊಟ್ಟ ಮಾದರಿ ಅಷ್ಟೇ, ಅದನ್ನು ಹಿಡಿದು ಓನರ್ ಜೊತೆ ಜಗಳ ಆಡಲಾಗದು. ಚೌಕಾಸಿ ಮಾಡಿ. ಸಣ್ಣ ಮನೆಗಳಲ್ಲಿ ಐದು, ಆರು ತಿಂಗಳಿಗೆ ಇಳಿಯುತ್ತಾರೆ. “ಬಾಡಿಗೆ ಕಮ್ಮಿ ಮಾಡಬೇಡಿ, ಅಡ್ವಾನ್ಸ್ ಕಮ್ಮಿ ಮಾಡಿ” ಅಂದರೆ ಕೆಲವರು ಬೇಗ ಒಪ್ಪುತ್ತಾರೆ. ಏನೇ ಆದರೂ ಅಡ್ವಾನ್ಸನ್ನು ಬ್ಯಾಂಕ್ ಮೂಲಕವೋ ಯುಪಿಐನಲ್ಲೋ ಕೊಡಿ. ಕೈಯಲ್ಲಿ ಕೊಟ್ಟ ದುಡ್ಡಿಗೆ ಸಾಕ್ಷಿ ಇರುವುದಿಲ್ಲ.

ಅಗ್ರಿಮೆಂಟ್ ಹನ್ನೊಂದು ತಿಂಗಳಿಗೆ ಮಾಡುವುದು ಯಾಕೆಂದರೆ, ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಇ-ಸ್ಟ್ಯಾಂಪ್ ಪೇಪರ್ ಮೇಲೆ ಟೈಪ್ ಮಾಡಿಸಿದ ಪ್ರತಿ ನಿಮ್ಮ ಹತ್ತಿರವೂ ಒಂದಿರಲಿ. ನೀರು, ಕರೆಂಟ್, ಮೇಂಟೆನೆನ್ಸ್ ಒಂದೊಂದರ ಬಗ್ಗೆಯೂ ಬೇರೆ ಬೇರೆ ಸಾಲು ಬರೆಸಿ. ಆರ್‌ಆರ್ ನಂಬರ್, ಮನೆಗೆ ಸೇರುವ ದಿನದ ಮೀಟರ್ ರೀಡಿಂಗ್ ಸೇರಿಸಿ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ ಅನ್ನುವುದೂ ಅದರಲ್ಲಿರಲಿ. ಒಂದು ತಿಂಗಳ ಬಾಡಿಗೆ ಹಿಡಿಯುವುದು ವಾಡಿಕೆ. ಬರೆಯದೆ ಬಿಟ್ಟರೆ ಅದು ಎರಡಾಗುತ್ತದೆ.

ತಿಂಗಳ ಬಾಡಿಗೆಯೇ ಬೇಡ, ಐದಾರು ಲಕ್ಷ ಒಟ್ಟಿಗೆ ಕೊಟ್ಟು ಎರಡು-ಮೂರು ವರ್ಷ ಲೀಸ್‌ಗೆ ಹೋಗೋಣ ಅನ್ನುವವರಿಗೆ ಒಂದೇ ಮಾತು. ದುಡ್ಡು ಯಾರ ಕೈಗೆ ಹೋಗುತ್ತಿದೆ ನೋಡಿ. ಓನರ್ ಅಲ್ಲದೆ ಮಧ್ಯದ ಕಂಪನಿಯೋ ಏಜೆಂಟೋ ಲೀಸ್ ಬರೆದುಕೊಟ್ಟರೆ ಹೋಗಲೇಬೇಡಿ. ಅವರು ದುಡ್ಡು ತೆಗೆದುಕೊಂಡು ಓನರ್‌ಗೆ ತಿಂಗಳ ಬಾಡಿಗೆ ಕಟ್ಟುತ್ತಿರುತ್ತಾರೆ, ಅದನ್ನು ನಿಲ್ಲಿಸಿದ ದಿನ ನೀವು ಬೀದಿಗೆ. ಓನರೇ ಕೊಟ್ಟರೂ ಇಸಿ (ಋಣಭಾರ ಪತ್ರ) ತೆಗೆಸಿ ಮನೆ ಮೇಲೆ ಸಾಲ ಇದೆಯಾ ನೋಡಿ, ಲೀಸನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ನೋಂದಣಿ ಬೇಡ ಅನ್ನುವ ಓನರ್‌ಗೆ ಲಕ್ಷಗಟ್ಟಲೆ ಕೊಡುವುದು ಬೇಡ.

ಹೋಗುವ ದಿನ, ಬಿಡುವ ದಿನ

ಸಾಮಾನು ಇಳಿಸುವ ಮೊದಲು ಮೀಟರ್ ರೀಡಿಂಗ್, ಗೋಡೆಯ ತೇವ, ಒಡೆದ ಟೈಲ್ಸ್, ಸೋರುವ ನಲ್ಲಿ, ಎಲ್ಲದರ ಫೋಟೊ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿ. ದಿನಾಂಕ ಅದರಲ್ಲೇ ಇರುತ್ತದೆ.

ಬಿಡುವಾಗ ಅಗ್ರಿಮೆಂಟ್‌ನಲ್ಲಿ ಹೇಳಿದಷ್ಟು ಮೊದಲು, ಸಾಮಾನ್ಯವಾಗಿ ಎರಡು ತಿಂಗಳು, ನೋಟಿಸ್ ಕೊಡಿ. ಅದನ್ನೂ ವಾಟ್ಸಾಪ್‌ನಲ್ಲೇ ಕೊಡಿ. ಕೊನೇ ಕರೆಂಟ್ ಬಿಲ್ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಕೀ ಕೊಡುವುದೂ ಅಡ್ವಾನ್ಸ್ ತೆಗೆದುಕೊಳ್ಳುವುದೂ ಒಟ್ಟಿಗೇ ಆಗಲಿ. “ಹೊಸಬರು ಬಂದ ಮೇಲೆ ಕೊಡ್ತೀನಿ” ಅಂದರೆ, ಕೊಡುವ ತಾರೀಖನ್ನು ಬರೆಸಿಕೊಳ್ಳಿ. ಹೊರಡುವ ಮುಂಚೆ ನಿಮ್ಮ ಆಧಾರನ್ನು ಆ ಮೀಟರಿನಿಂದ ಡಿ-ಲಿಂಕ್ ಮಾಡಿ. ಇಲ್ಲದಿದ್ದರೆ ಹೊಸ ಮನೆಯ ಮೀಟರ್‌ಗೆ ಗೃಹಜ್ಯೋತಿ ಮಾಡಿಸಲು ಆಗುವುದಿಲ್ಲ, ನಿಮ್ಮ ನಂತರ ಬರುವವರೂ ನಿಮ್ಮ ಫೋನ್ ನಂಬರ್ ಹುಡುಕಿಕೊಂಡು ಅಲೆಯಬೇಕಾಗುತ್ತದೆ.